ಅಪ್ಪನ ಲ್ಯಾಟಿನ್ನು, ಅವ್ವನ ಭಂಡಾರ

ಶಹಾಪುರದಲ್ಲಿ ನಾವಿದ್ದದ್ದು ಒಂದು ಖೋಲಿ, ಒಂದು ಪಡಸಾಲೆಯ ಮನೆ. ತಲೆಯ ಮೇಲೆ ಮಣ್ಣಿನ ಮಾಳಿಗೆ, ಕಾಲ ಕೆಳಗೆ ಪರಸಿ ಕಲ್ಲು. ಹೊತ್ತು ಇಳಿಯುವಾಗ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದಳೆಂದರೆ, ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಮಗ್ಗಿಯಲ್ಲ, ಪದವಲ್ಲ, ದೇವರ ನಾಮವೂ ಅಲ್ಲ. ಲ್ಯಾಟಿನ್! ನಗುವವರು ನಗಲಿ. ನನಗೂ ಒಮ್ಮೊಮ್ಮೆ ನಗು ಬರುತ್ತದೆ, ಬಂದದ್ದು ಅಲ್ಲೇ ನಿಂತುಬಿಡುತ್ತದೆ. ಕುರಿ ಕಾಯುವವರ ಮನೆತನದ ಹುಡುಗಿ ನಾನು. ಪುಂಡಿಪಲ್ಯ ಹಚ್ಚಿದ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಉತ್ತರ ಕೊಡುತ್ತಿದ್ದೆ.

"ಬಿಳೇದು?"

"ಆಲ್ಬುಸ್, ಆಲ್ಬಾ, ಆಲ್ಬುಮ್."

"ಕರೇದು?"

"ನಿಗೆರ್, ನಿಗ್ರಾ, ನಿಗ್ರುಮ್."

"ನುಂಗಿ ಮಾತಾಡು ಯವ್ವಾ, ಗಂಟಲಿಗೆ ಹತ್ತೀತು."

ಓಣಿಯ ಮಂದಿ ಇದನ್ನು ಕೇಳಿ ಅಪ್ಪನಿಗೆ ಚೇಳಿನ ಮಂತ್ರ ಬರುತ್ತದೆಂದು ತಿಳಿದಿದ್ದರು. ಒಬ್ಬಾಕೆಯಂತೂ ಚೇಳು ಕಡಿಸಿಕೊಂಡ ಗಂಡನನ್ನು ಹೊತ್ತುಕೊಂಡೇ ನಮ್ಮ ಬಾಗಿಲಿಗೆ ಬಂದಿದ್ದಳು. ಅಪ್ಪ ಮಂತ್ರ ಬರೋದಿಲ್ಲ ಅಂದರೂ ಕೇಳಲಿಲ್ಲ. ಕೊನೆಗೆ ಆಲ್ಬುಸ್ ಆಲ್ಬಾ ಅಂದು, ಮೇಲೆ ಔಷಧಿಯನ್ನೂ ಹಚ್ಚಿ ಕಳಿಸಿದ. ಗುಣವಾಯಿತು. ಹೆಸರು ಮಾತ್ರ ಮಂತ್ರಕ್ಕೆ ಬಂತು.

ಅಪ್ಪನ ಹೆಸರು ಬೀರಪ್ಪ. ಊರಿನ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರ್ ಬರೆದ ಚೀಟಿ ನೋಡಿ ಔಷಧಿ ಬೆರೆಸಿ, ಬಾಟಲಿಗೆ ತುಂಬಿ ಕೊಡುವ ಕೆಲಸ. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಬಂದಿದ್ದ ಹಳೆಯ ಡಾಕ್ಟರ್ ಸಾಹೇಬರು ಅಪ್ಪನನ್ನು ಕಸ ಹೊಡೆಯುವ ಕೆಲಸದಿಂದ ಎತ್ತಿ ಔಷಧಿಯ ಮೇಜಿಗೆ ತಂದವರು. ಅವರು ವಿಲಾಯಿತಿಯಲ್ಲಿ ಓದಿ ಬಂದಿದ್ದರು. ಬಾಟಲಿಯ ಮೇಲಿನ ಹೆಸರು ತಿಳಿಯದವನು ಔಷಧಿ ಮುಟ್ಟಬಾರದು ಎಂಬುದು ಅವರ ಹಟ. ಅಪ್ಪನಿಗೆ ಬರುತ್ತಿದ್ದದ್ದು ಉರ್ದು ಅಕ್ಷರ ಒಂದೇ. ಆಗಿನ ಶಾಲೆಯಲ್ಲಿ ಕಲಿಸುತ್ತಿದ್ದದ್ದೂ ಅದನ್ನೇ. ಹೀಗಾಗಿ ಸಾಹೇಬರು ಲ್ಯಾಟಿನ್ ಮಾತುಗಳನ್ನು ಉರ್ದು ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಒಂದು ವಹಿಯಲ್ಲಿ ಬರೆದುಕೊಟ್ಟಿದ್ದರು. ಬಾಟಲಿ, ಚೀಟಿಗಳ ಮೇಲಿನ ಇಂಗ್ಲಿಷ್ ಅಕ್ಷರದ ಹೆಸರುಗಳನ್ನು ಅಪ್ಪ ಆ ವಹಿಗೆ ಹೋಲಿಸಿ ಗುರುತು ಹಿಡಿಯಲು ಕಲಿತಿದ್ದ. ಒಂದೊಂದು ಪುಟಕ್ಕೂ ಮೂರು ಸಾಲು ಗೆರೆ: ಗಂಡು, ಹೆಣ್ಣು, ಎರಡೂ ಅಲ್ಲದ್ದು. ಔಷಧಿಯ ಹೆಸರು ಗಂಡಾದರೆ ಅದರ ಗುಣ ಹೇಳುವ ಮಾತೂ ಗಂಡಾಗಬೇಕು, ಹೆಣ್ಣಾದರೆ ಹೆಣ್ಣಾಗಬೇಕು. ನೀರು ಹೆಣ್ಣು, ಅದಕ್ಕೆ ಭಟ್ಟಿ ಇಳಿಸಿದ ನೀರು ಅಕ್ವಾ ಡೆಸ್ಟಿಲಾಟಾ. ಸ್ಪಿರಿಟ್ ಗಂಡು, ಅದು ಸ್ಪಿರಿಟುಸ್ ರೆಕ್ಟಿಫಿಕಾಟುಸ್. ಮುಲಾಮು ಎರಡೂ ಅಲ್ಲ, ಬಿಳೀ ಮುಲಾಮು ಉಂಗ್ವೆಂಟುಮ್ ಆಲ್ಬುಮ್. ಅಪ್ಪ ಈ ನೇಮವನ್ನು ಎಷ್ಟು ಹಚ್ಚಿಕೊಂಡನೆಂದರೆ ದವಾಖಾನೆಯ ಅಲಮಾರಿನ ಮೂರು ಹಲಗೆಗಳನ್ನೂ ಹಾಗೆಯೇ ಹಂಚಿದ. ಮೇಲಿನದು ಗಂಡು, ನಡುವಿನದು ಹೆಣ್ಣು, ಕೆಳಗಿನದು ಎರಡೂ ಅಲ್ಲದ್ದು. ಇಡೀ ನಿಜಾಮರ ಸೀಮೆಯಲ್ಲಿ ಔಷಧಿಯನ್ನು ಹೀಗೆ ಜೋಡಿಸಿಟ್ಟವನು ನಮ್ಮಪ್ಪ ಒಬ್ಬನೇ ಇರಬೇಕು.

ಅವ್ವನಿಗೆ ಇದೆಲ್ಲ ಸೇರುತ್ತಿರಲಿಲ್ಲ. ರೊಟ್ಟಿ ತಿರುವಿ ಹಾಕುತ್ತಲೇ ಮಾತಿಗೆ ಬರುತ್ತಿದ್ದಳು.

"ಒಳ್ಳೇ ಗಂಡಸು, ಒಳ್ಳೇ ಹೆಂಗಸು, ಒಳ್ಳೇ ಎಮ್ಮಿ. ನಮಗ ಒಂದ ಮಾತು ಸಾಕಾಗತೈತಿ. ನಿಮ್ಮ ಸಾಹೇಬಗ ಯಾಕ ಮೂರು ಬೇಕಾಗ್ಯಾವ?"

"ಕುರಿ ಹೊಂಟಲ್ಲಿ ಮರಿ ಹೋಗತಾವಲ್ಲ, ಹಂಗ ಹೆಸರಿನ ಹಿಂದ ಗುಣ ಹೋಗತೈತಿ. ನಿಮ್ಮಪ್ಪನ ಹಟ್ಟ್ಯಾಗ ಬೆಳದಾಕಿ, ಇಷ್ಟು ತಿಳಿವಲ್ದ?"

"ಮರಿ ಕುರಿ ಹಿಂದ ಹೋಗತಾವು ಖರೆ. ಹೋಗೂವಾಗ ಬಾಲ ಬದಲಿ ಮಾಡ್ಕೊಂಡು ಹೋಗಂಗಿಲ್ಲ."

ಅಪ್ಪ ಸೋತವನಂತೆ ನಗುತ್ತಿದ್ದ. ಒಂದು ದಿನ ಮಾತ್ರ ಅವ್ವ ಕೈ ನಿಲ್ಲಿಸಿ ಕೇಳಿದಳು. ಫೋರ್ಟಿಸ್ ಎಂಬ ಮಾತನ್ನು ಅಪ್ಪ ಹೇಳಿಕೊಡುತ್ತಿದ್ದ, ಗಟ್ಟಿಯಾದ, ಕಡಕ್ ಆದ ಎಂದು ಅರ್ಥ. ಇದಕ್ಕೆ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ರೂಪವಿಲ್ಲ, ಎರಡಕ್ಕೂ ಫೋರ್ಟಿಸ್ ಒಂದೇ. "ಹಾಂ, ಇದು ಮಾತು ನೋಡು," ಅಂದು ಅವ್ವ ನನ್ನ ರೊಟ್ಟಿಯ ಮೇಲೆ ಇನ್ನೊಂದು ಚಮಚ ಬೆಣ್ಣೆ ಹಾಕಿದಳು. ಮತ್ತೆ ಹೆಚ್ಚು ಕಡಿಮೆ ಹೇಳುವ ಪಾಠ. ಹಾಗಲಕಾಯಿ ಪಲ್ಯವಾದ ದಿನ ಕಹಿ, ಅದಕ್ಕಿಂತ ಕಹಿ, ಎಲ್ಲಕ್ಕಿಂತ ಕಹಿ: ಅಮಾರುಸ್, ಅಮಾರಿಯೊರ್, ಅಮಾರಿಸ್ಸಿಮುಸ್. ಎಲ್ಲ ಮಾತೂ ಹೀಗೆ ಸರಳವಾಗಿ ಬೆಳೆಯುತ್ತಿದ್ದವು. ಒಳ್ಳೆಯದು, ಕೆಟ್ಟದ್ದು, ದೊಡ್ಡದು, ಸಣ್ಣದು, ಇಂಥವು ಮಾತ್ರ ನೇಮ ಮೀರಿ ಬೇರೆಯೇ ಮಾತಾಗಿಬಿಡುತ್ತಿದ್ದವು. ಬೋನುಸ್ ಹೋಗಿ ಮೆಲಿಯೊರ್, ಅದು ಹೋಗಿ ಓಪ್ಟಿಮುಸ್. ನಾನು ಇಲ್ಲೇ ತಪ್ಪುತ್ತಿದ್ದೆ. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, "ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ನು, ಹೇಳಿಕೊಡ್ತೀನಿ" ಅನ್ನುತ್ತಿದ್ದ. ನಾನು ಅನ್ನುತ್ತಿರಲಿಲ್ಲ. ಹಟಮಾರಿ ಮುಂಡೇದು ನಾನು, ಏನಾದರೊಂದು ಊಹಿಸಿ ಹೇಳುತ್ತಿದ್ದೆ. ಊಹಿಸಿದ್ದು ಎಷ್ಟೋ ಸಲ ಸರಿಯೂ ಆಗುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆದ ಮೇಲೆ ಹಳೆಯ ಸಾಹೇಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದರು. ಹೋಗುವಾಗ ಅಪ್ಪನ ಭುಜದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರಂತೆ. ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು, ಆಮೇಲೆ ನಮ್ಮ ಸೀಮೆ ಮೈಸೂರಿನ ಜೊತೆ ಸೇರಿತು. ಊರಿಗೆಲ್ಲ ಹಬ್ಬ. ಅಪ್ಪನೂ ಪೇಟ ಸುತ್ತಿಕೊಂಡು ಮೆರವಣಿಗೆಗೆ ಹೋಗಿ ಬಂದ. ಆದರೆ ದವಾಖಾನೆಗೆ ಬರುವ ಹುಕುಮುಗಳು ಕನ್ನಡ, ಇಂಗ್ಲಿಷಿನಲ್ಲಿ ಬರತೊಡಗಿದವು. ಅವನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಧಾರವಾಡದ ಕಡೆಯಿಂದ ಎಳೆಯ ಡಾಕ್ಟರ್ ಒಬ್ಬರು ಬಂದರು. ಒಳ್ಳೆಯವರೇ, ಕೆಟ್ಟವರೆಂದು ನಾನು ಹೇಳಲಾರೆ. ಮೂರು ಹಲಗೆಯ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು, ಆಮೇಲೆ "ಇರಲಿ ಬಿಡ್ರಿ ಬೀರಪ್ಪನವರೇ, ನಿಮ್ಮ ಕೈಗೆ ಹೊಂದಿದ್ರ ಸಾಕು" ಅಂದರು. ಆ ವರ್ಷವೇ ಒಂದು ಹುಕುಂ ಬಂತು: ಹಳೆಯ ಕಂಪೌಂಡರ್‌ಗಳನ್ನೆಲ್ಲ ಕಲಬುರ್ಗಿಯ ದೊಡ್ಡ ಡಾಕ್ಟರ್ ಬಂದು ಪರೀಕ್ಷೆ ಮಾಡುತ್ತಾರೆ, ಪಾಸಾದವರನ್ನು ಮಾತ್ರ ಹೊಸ ಸರ್ಕಾರ ಇಟ್ಟುಕೊಳ್ಳುತ್ತದೆ.

ಅಪ್ಪ ಪರೀಕ್ಷೆಗೆ ಹೆದರುವವನಲ್ಲ. ಹೆದರಿಕೆ ಬೇರೆಯೇ ಇತ್ತು, ಅದು ಮನೆಯ ಮೂವರಿಗೆ ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಎರಡೂ ಕಣ್ಣು ಮಬ್ಬಾಗುತ್ತಿದ್ದವು. ಮುಂಚೆ ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದ, ಆಮೇಲೆ ಮೂಗಿಗೆ ತಾಗಿಸಿ, ಆಮೇಲೆ ಓದುವಂತೆ ನಟನೆ. ಅದಕ್ಕೇ ನನ್ನನ್ನು ತಯಾರು ಮಾಡಿದ್ದು. ಶಾಲೆಯಲ್ಲಿ ಇಂಗ್ಲಿಷ್ ಇನ್ನೂ ಶುರುವಾಗಿರಲಿಲ್ಲ, ನಾನು ಎ ಬಿ ಸಿ ಕಲಿತದ್ದು ಬಾಟಲಿಗಳ ಮೇಲಿಂದ. ಬೆಳಿಗ್ಗೆ ದವಾಖಾನೆಯಲ್ಲಿ ಅವನ ಪಕ್ಕ ಸ್ಟೂಲಿನ ಮೇಲೆ ಕೂತು, ಚೀಟಿಯಲ್ಲಿದ್ದದ್ದನ್ನು ತುಟಿ ಆಡಿಸದಂತೆ ಹೇಳಬೇಕು. ಎರಡನೆಯ ಮಾತಿನ ಬಾಲ ಕೇಳಿದರೆ ಸಾಕು, ಅಪ್ಪನ ಕೈ ಸರಿಯಾದ ಹಲಗೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಎಣಿಕೆ, ವಾಸನೆ, ಬಾಟಲಿಯ ಕತ್ತಿನ ಆಕಾರ. ವಿಷದ ಬಾಟಲಿಯ ಕತ್ತಿಗೆ ಕಂಬಳಿಯ ಕರೀ ಎಳೆ ಕಟ್ಟಿರುತ್ತಿದ್ದ. ಬೆರಳಿಗೆ ಆ ಉಣ್ಣೆ ಸಿಕ್ಕರೆ ಹುಷಾರು ಎಂದು ಅರ್ಥ. ಬರುವವರು ನನ್ನನ್ನು ನೋಡಿ, "ಅಪ್ಪನ ಬಿಟ್ಟು ಇರೂದಿಲ್ಲ ಕೂಸು" ಅನ್ನುತ್ತಿದ್ದರು. ನನಗೆ ಎಂಥ ಗರ್ವ! ಅಪ್ಪನ ಕಣ್ಣು ನಾನೇ ಅಂದುಕೊಂಡಿದ್ದೆ.

ಮಹಾನವಮಿ ಬಂತು. ನಮ್ಮಲ್ಲಿ ಆ ದಿನ ಕಸುಬಿನ ಸಾಮಾನೆಲ್ಲ ತೊಳೆದು ಪೂಜೆ ಮಾಡುವುದು ಪದ್ಧತಿ. ಅವ್ವನ ತವರು ವನದುರ್ಗದಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ಕೋಲು, ಮಗ್ಗ ಎಲ್ಲಕ್ಕೂ ಬೀರದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಬೀಳುತ್ತಿತ್ತು. ಅಪ್ಪ ಪ್ರತಿ ವರ್ಷ ದವಾಖಾನೆಯಿಂದ ಸಣ್ಣ ತಕ್ಕಡಿ, ಔಷಧಿ ಕುಟ್ಟುವ ಖಲಬತ್ತು ಎರಡನ್ನೇ ಮನೆಗೆ ತಂದು ಪೂಜೆ ಮಾಡಿಸಿ ಒಯ್ಯುತ್ತಿದ್ದ. ಆ ವರ್ಷ ಅವ್ವ ಕೇಳಲಿಲ್ಲ. ಪರೀಕ್ಷೆ ಇನ್ನು ಎಂಟು ದಿನಕ್ಕೆ ಬಂದಿತ್ತು. ಡಾಕ್ಟರ್ ಹಬ್ಬಕ್ಕೆ ಊರಿಗೆ ಹೋಗಿದ್ದರು, ಕೀಲಿಕೈ ಅಪ್ಪನ ಹತ್ತಿರ.

"ಈ ಸಲ ಒಂದ ಬಾಟ್ಲಿ ಸುದ್ದಾ ಬಿಡಂಗಿಲ್ಲ. ದೇವರು ನಿಮ್ಮ ಕೈಯಾಗ ಕುಂದರಬೇಕು, ಅಷ್ಟ."

ಅಪ್ಪ ಬೇಡ ಅನ್ನಲಿಲ್ಲ. ಅವನಿಗೂ ದೇವರು ಬೇಕಾಗಿದ್ದ. ಅವ್ವ ದವಾಖಾನೆಗೇ ಬಂದು ಅಲಮಾರಿನ ಮುಂದೆ ಕಾಯಿ ಒಡೆದು, ಎರಡೂ ಬೊಗಸೆ ತುಂಬ ಭಂಡಾರ ತೆಗೆದು "ಬೀರಪ್ಪಾ, ನನ್ನಪ್ಪಾ" ಎಂದು ಮೂರು ಹಲಗೆಗೂ ಎರಚಿದಳು. ಗಂಡನ ಹೆಸರೂ ದೇವರ ಹೆಸರೂ ಒಂದೇ ಆದ್ದರಿಂದ ಆ ಹೆಸರು ಹಿಡಿದು ಕೂಗಲು ಅವಳಿಗೆ ಸಿಗುತ್ತಿದ್ದದ್ದು ಪೂಜೆಯಲ್ಲಿ ಮಾತ್ರ, ಮನಸಾರೆ ಕೂಗಿದಳು. ಅರಿಷಿಣದ ಪುಡಿ ಕೂತು ಅಕ್ಷರ ಒಂದೂ ಕಾಣದಾಯಿತು. ಡಾಕ್ಟರ್ ನೋಡಿದರೆ ಏನಂದಾರು ಎಂದು ಮರುದಿನ ಅಪ್ಪ ಪೇಟೆಗೆ ಹೋದಾಗ ನಾನೂ ಅವ್ವನೂ ಬಾಟಲಿಗಳನ್ನೆಲ್ಲ ದವಾಖಾನೆಯ ಹಿತ್ತಲಿಗೆ ಇಳಿಸಿ ಕೊಪ್ಪರಿಗೆಯ ನೀರಿನಲ್ಲಿ ತೊಳೆದೆವು. ಕತ್ತಿನ ಉಣ್ಣೆ ಎಳೆಗಳಿಗೂ ಭಂಡಾರ ಮೆತ್ತಿತ್ತು, ಬಿಚ್ಚಿ ಒಗೆದು ಕಲ್ಲ ಮೇಲೆ ಹಾಕಿದೆ. ತಿರುಗಿ ನೋಡುತ್ತೇನೆ, ಬಾಟಲಿಗಳ ಹೆಸರಿದ್ದ ಕಾಗದದ ಚೀಟಿಗಳೆಲ್ಲ ಬಿಟ್ಟುಕೊಂಡು ನೀರಿನ ಮೇಲೆ ತೇಲಾಡುತ್ತಿವೆ. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಅಪ್ಪ ಬಂದ. ಕೂಗಾಡಲಿಲ್ಲ. ನೆಲಕ್ಕೆ ಕೂತು ಒಂದೊಂದೇ ಬಾಟಲಿಯ ಬಿರಡೆ ತೆಗೆದು ಮೂಸಿ, ಅಲ್ಲಾಡಿಸಿ ಹೆಸರು ಹೇಳುತ್ತ ಹೋದ. ನಾನು ಒದ್ದೆ ಚೀಟಿಗಳಲ್ಲಿ ಅದನ್ನು ಹುಡುಕಿ ಗಂಜಿ ಹಚ್ಚಿ ಅಂಟಿಸುತ್ತ ಹೋದೆ. ಗಂಡು ಹಲಗೆ ತುಂಬಿತು, ಎರಡೂ ಅಲ್ಲದ್ದೂ ತುಂಬಿತು. ಹೆಣ್ಣು ಹಲಗೆಯಲ್ಲಿ ಎರಡು ಉಳಿದವು. ಎರಡೂ ನೀರಿನಂಥ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೋಷಿಯೋ ಬೋರಿಕಾ, ಕಣ್ಣು ತೊಳೆಯುವ ತಂಪು ನೀರು. ಇನ್ನೊಂದು ಲೋಷಿಯೋ ಕೊರೊಸೀವಾ, ಕತ್ತರಿ ಚಿಮಟ ತೊಳೆಯಲು ಇಟ್ಟ ರಸಕರ್ಪೂರದ ಕಡಕ್ ನೀರು, ವಿಷ. ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಹೊಸದಾಗಿ ಮಾಡೋಣವೆಂದರೆ ಬೋರಿಕ್ ಪುಡಿ ಮುಗಿದು, ಸರಬರಾಜು ಕಲಬುರ್ಗಿಯಿಂದ ಬರಬೇಕಿತ್ತು.

"ಎಳಿ ಬಿಚ್ಚಿದಾಕಿ ನೀನ ಹೌದಲ್ಲ? ಇವೆರಡರಾಗ ಯಾವುದಕ್ಕಿತ್ತು?"

ನನಗೆ ನೆನಪಿರಲಿಲ್ಲ. ಒಂದಿಷ್ಟೂ ನೆನಪಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಅಪ್ಪ ಮಬ್ಬುಗಣ್ಣನ್ನು ನನ್ನ ದನಿಯ ಕಡೆ ತಿರುಗಿಸಿಕೊಂಡು ಕೂತಿದ್ದ. ಅಪ್ಪನ ಕಣ್ಣು ನಾನು. ನಾನೇ ಗೊತ್ತಿಲ್ಲ ಅಂದರೆ ಹೇಗೆ?

"ಇದಕ್ಕ," ಅಂದೆ.

"ಖರೇನ ಗೊತ್ತೈತಿ?"

"ಗೊತ್ತೈತಿ."

ಅಪ್ಪ ಎರಡೂ ಬಾಟಲಿಗಳನ್ನು ಇನ್ನೊಮ್ಮೆ ಮೂಸಿದ. ಆಮೇಲೆ ನಾನು ತೋರಿಸಿದ ಬಾಟಲಿಗೆ ತಾನೇ ಎಳೆ ಕಟ್ಟಿದ.

ಆ ದಿನಗಳಲ್ಲಿ ಊರ ತುಂಬ ಕಣ್ಣುಬೇನೆ. ಮರುದಿನ ದವಾಖಾನೆ ತೆರೆಯುವ ಮುಂಚೆಯೇ ಕೆಂಪುಗಣ್ಣಿನ ಮಕ್ಕಳನ್ನು ಸೊಂಟದ ಮೇಲೆ ಹೊತ್ತ ತಾಯಂದಿರು ಕಟ್ಟೆಯ ತುಂಬ ಕೂತಿದ್ದರು. ಡಾಕ್ಟರ್ ಆಗಷ್ಟೇ ಊರಿನಿಂದ ಬಂದು ಒಳಗೆ ಕೈ ತೊಳೆಯುತ್ತಿದ್ದರು. ಅಪ್ಪ ಎಳೆಯಿಲ್ಲದ ಬಾಟಲಿ ಇಳಿಸಿ, ಬಟ್ಟಲಿಗೆ ಬಗ್ಗಿಸಿದ. ಆದರೆ ಮೊದಲ ಕೂಸನ್ನು ಕರೆಯಲಿಲ್ಲ. ತಲೆ ಹಿಂದಕ್ಕೆ ಒಗೆದು ತನ್ನ ಬಲಗಣ್ಣಿಗೆ ಹೊಯ್ದುಕೊಂಡ. ತನ್ನ ಮಬ್ಬಿಗೆ ಹಾಕಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಅಪ್ಪ ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು ಮೊದಲು ಬಟ್ಟಲನ್ನೂ ಬಾಟಲಿಯನ್ನೂ ತಡಕಾಡಿ ಮೋರಿಗೆ ಚೆಲ್ಲಿದ. ಆಮೇಲೆ ಕುಸಿದ. ಡಾಕ್ಟರ್ ಓಡಿ ಬಂದು ಕೊಡದ ಮೇಲೆ ಕೊಡ ನೀರು ಹೊಯ್ದರು.

"ಚೀಟಿ ಯಾರು ಅಂಟಿಸಿದವರು? ಯಾರು ಬದಲಿ ಮಾಡ್ಯಾರಿದನ್ನ?"

"ನಾನ್ರಿ. ನನಗ ಕಣ್ಣು ಕಾಣಂಗಿಲ್ರಿ ಸಾಹೇಬ್ರ, ವರ್ಷ ಆತು. ಮುಚ್ಚಿಟ್ಟೀನಿ. ತಪ್ಪು ನಂದ."

ಯಾವ ಗುಟ್ಟಿಗಾಗಿ ಇಷ್ಟು ದಿನ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವೋ ಅದನ್ನು ಅಪ್ಪ ಕಟ್ಟೆಯ ಮಂದಿಯೆಲ್ಲ ಕೇಳುವಂತೆ ಹೇಳಿದ. ನಾನು ಸ್ಟೂಲಿನ ಪಕ್ಕ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಬಲಗಣ್ಣು ಹೋಯಿತು. ಅದರ ಬೇನೆ ಎಡಗಣ್ಣಿಗೂ ಹತ್ತಿ, ಚಳಿಗಾಲ ಮುಗಿಯುವುದರೊಳಗೆ ಅದೂ ಹೋಯಿತು. ಪರೀಕ್ಷೆಯ ದಿನ ಅಪ್ಪನನ್ನು ಯಾರೂ ಕರೆಯಲಿಲ್ಲ. ಡಾಕ್ಟರ್ ಎರಡು ಸಲ ಮನೆಗೆ ಬಂದು ಬಾಗಿಲಲ್ಲೇ ಒಂದಿಷ್ಟು ಹೊತ್ತು ಕೂತು ಎದ್ದು ಹೋದರು. ನಾವು ವನದುರ್ಗಕ್ಕೆ, ಸೋದರಮಾವಂದಿರ ಹಟ್ಟಿಗೆ ಹೋದೆವು. ಅವ್ವ ಉಣ್ಣೆ ನೂಲತೊಡಗಿದಳು. ಅವಳ ಮಾತೇ ಕಡಿಮೆಯಾಯಿತು. ದೇವರ ಮುಂದೆ ಎಲ್ಲರೂ ಭಂಡಾರ ಹಚ್ಚಿಕೊಂಡರೆ ಇವಳು ಮುಟ್ಟುತ್ತಿರಲಿಲ್ಲ.

"ನನ್ನ ಭಂಡಾರ ನಿಮ್ಮ ಕಣ್ಣು ತಿಂತು. ಯಾವ ಮಾರಿ ಹೊತ್ತು ದೇವರಿಗೆ ಕೈ ಮುಗೀಲಿ?"

"ಹುಚ್ಚಿ, ಭಂಡಾರ ಏನು ಮಾಡೀತು. ನನ್ನ ಕೈ ತಪ್ಪಿತು ಅಂತ ಎಷ್ಟು ಸಲ ಹೇಳಲಿ?"

ಅವ್ವ ನಂಬಲಿಲ್ಲ. ನಾನು ಇಬ್ಬರ ನಡುವೆ ಕೂತು ಉಣ್ಣೆ ಬಿಡಿಸುತ್ತ ಕೇಳುತ್ತಿದ್ದೆ. ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಊಟವಾಗಲಿ ಅನ್ನುತ್ತಿದ್ದೆ, ಊಟವಾದ ಮೇಲೆ ಅವ್ವನಿಗೆ ದಣಿವಾಗಿದೆ ಅನ್ನುತ್ತಿದ್ದೆ. ಅಪ್ಪ ಪಾಠ ಮಾತ್ರ ಬಿಡಲಿಲ್ಲ. ವಹಿ ಕಾಣದಿದ್ದರೂ ಬಾಯಿಪಾಠ ಇತ್ತಲ್ಲ. ಒಮ್ಮೆ ಹೊಸ ಮಾತೊಂದು ಕೊಟ್ಟ: ಸೀಕುಸ್, ಸೀಕಾ, ಸೀಕುಮ್. ಏನಪ್ಪಾ ಇದರ ಅರ್ಥ ಅಂದರೆ, "ಕುರುಡ ಯವ್ವಾ" ಎಂದು ನಕ್ಕ. ನನಗೆ ಅದನ್ನು ತಿರುಗಿ ಒಪ್ಪಿಸಲು ಆಗಲೇ ಇಲ್ಲ. ಎದ್ದು ಹೋದೆ. ಅಪ್ಪ ಕರೆಯಲಿಲ್ಲ.

ನಾನು ದೊಡ್ಡವಳಾದ ವರ್ಷ ಅವ್ವ ಜ್ವರ ಬಂದು ತೀರಿಕೊಂಡಳು. ಹೋಗುವ ಹಿಂದಿನ ದಿನವೂ ಅಪ್ಪನ ಕೈ ಹಿಡಿದು "ನನ್ನ ಕ್ಷಮಾ ಮಾಡ್ರಿ" ಅಂದಳು. ಆಗಲೂ ನಾನು ಅಲ್ಲೇ ಇದ್ದೆ, ತಲೆದೆಸೆಯಲ್ಲಿ. ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ, ಅಪ್ಪ ಹಟ್ಟಿಯ ಬೇಲಿಯ ಹತ್ತಿರ ಕಂಬಳಿ ಹಾಸಿಕೊಂಡು ಕೂತಿದ್ದ. ನಾನು ಎದುರು ಕೂತು, ಅಳುತ್ತ ಬಿಕ್ಕುತ್ತ ಎಲ್ಲ ಹೇಳಿದೆ. ಯಾವ ಬಾಟಲಿ ಎಂದು ನನಗೆ ಗೊತ್ತಿರಲಿಲ್ಲ, ಸುಳ್ಳು ಹೇಳಿದೆ ಅಂದೆ.

"ಗೊತ್ತಿತ್ತವ್ವಾ," ಅಂದ ಅಪ್ಪ. "ಕಣ್ಣು ಕಾಣದಿದ್ರ ದನಿ ಕಾಣತೈತಿ. ಅವತ್ತ ನಿನ್ನ ದನಿ ನಡಗಿತ್ತು."

"ಮತ್ತ ಯಾಕ ಹಾಕ್ಕೊಂಡಿ ಅಪ್ಪಾ? ಯಾಕ ಹಾಕ್ಕೊಂಡಿ?"

"ಕಟ್ಟಿ ಮ್ಯಾಲೆ ಕೂಸುಗಳು ಕುಂತಿದ್ವಲ್ಲ. ಅವರ ಕಣ್ಣಿಗೆ ಹಾಕಿ ನೋಡಾಕ ಬರತೈತೇನು? ಡಾಕ್ಟರಿಗೆ ಹೇಳಿದ್ರ ನೌಕರಿ ಹೋಗತಿತ್ತು, ಅದಕ್ಕ ನನಗೂ ಬಾಯಿ ಬರಲಿಲ್ಲ. ನೀ ಒಬ್ಬಾಕೀನ ಅಲ್ಲ, ನಾನೂ ಅಂಜಿದಾವನ."

ಅವನ ಮೊಣಕಾಲಿನ ಮೇಲೆ ತಲೆಯಿಟ್ಟೆ. ಅವ್ವನಿಗಾದರೂ ನೀನು ಹೇಳಬಹುದಿತ್ತಲ್ಲ, ಅವಳು ಹಂಗೇ ಹೋದಳಲ್ಲ ಅಪ್ಪಾ ಅಂದೆ. ಅಪ್ಪನ ಕೈ ನನ್ನ ತಲೆಯ ಮೇಲೆ ಬಂತು.

"ನಿನ್ನ ಹೆಸರು ನನ್ನ ಬಾಯಾಗ ಬರಬಾರದು ಅಂತ ಇದ್ದೆ ಯವ್ವಾ. ನೀನ ಹೇಳ್ತಿ, ಇವತ್ತ ಹೇಳ್ತಿ, ನಾಳಿ ಹೇಳ್ತಿ ಅಂತ ದಾರಿ ನೋಡಿಕೋತ ಕುಂತೆ. ಆಕಿ ಹೋಗಿಬಿಟ್ಟಳು."